ಏಳದ ಹೊಗೆಗೆ ಎಷ್ಟು ತೂಕ?

ನಮ್ಮ ಅನೇಕ ಮನೆಗಳಲ್ಲಿ ಹಿಂದೆ ಒಂದು ಪದ್ಧತಿ ಇತ್ತು. ದಿನವೂ ಅನ್ನಕ್ಕೆ ಅಕ್ಕಿ ತೆಗೆಯುವಾಗ ತಾಯಂದಿರು ಅದರಲ್ಲಿ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕಿಡುತ್ತಿದ್ದರು. ತಿಂಗಳ ಕೊನೆಗೆ ಆ ಅಕ್ಕಿ ಬಡವರ ಮನೆಗೋ ದೇವಾಲಯದ ಕಾಣಿಕೆಗೋ ಹೋಗುತ್ತಿತ್ತು. ಅದು ಉಳಿತಾಯ. ಅದನ್ನು ಕಣ್ಣಿನಿಂದ ನೋಡಬಹುದಿತ್ತು, ಸೇರಿನಲ್ಲಿ ಅಳೆಯಬಹುದಿತ್ತು. ಎಷ್ಟು ಉಳಿಸಿದ್ದೀರಿ ಎಂದು ಯಾರಾದರೂ ಕೇಳಿದರೆ ಮಡಕೆಯ ಮುಚ್ಚಳ ತೆಗೆದು ತೋರಿಸಿದರೆ ಸಾಕಾಗುತ್ತಿತ್ತು.

ಈಗ ನಾವು ಇನ್ನೊಂದು ಬಗೆಯ ಉಳಿತಾಯದ ಮಾತು ಕೇಳುತ್ತಿದ್ದೇವೆ. ಶಾಲೆಯ ಛಾವಣಿಯ ಮೇಲೆ, ಕಾರ್ಖಾನೆಯ ಮೇಲೆ, ಕೆಲವು ಕಡೆ ದೇವಾಲಯದ ಮೇಲೂ ಸೌರಫಲಕಗಳು ಬಂದಿವೆ. ಅವುಗಳ ಕೆಳಗೆ ‘ವರ್ಷಕ್ಕೆ ಇಷ್ಟು ಟನ್ ಇಂಗಾಲದ ಡೈಆಕ್ಸೈಡ್ ಉಳಿತಾಯ’ ಎಂಬ ಬರಹ ಇರುತ್ತದೆ. ಸರ್ಕಾರಗಳೂ ದೊಡ್ಡ ಕಂಪನಿಗಳೂ ಇಂಥ ವರ್ಷದೊಳಗೆ ಇಷ್ಟು ಕೋಟಿ ಟನ್ ಉಳಿಸುತ್ತೇವೆ ಎಂದು ಮಾತು ಕೊಡುತ್ತವೆ. ಆದರೆ ಇಲ್ಲಿ ತೋರಿಸಲು ಮಡಕೆ ಇಲ್ಲ. ಉಳಿಸಿದ ಅನಿಲ ಎಲ್ಲಿಯೂ ಕೂಡಿಟ್ಟಿಲ್ಲ. ಅದು ಏಳದೆ ಹೋದ ಹೊಗೆ. ನಡೆಯದೆ ಹೋದ ಸಂಗತಿಯೊಂದನ್ನು ತೂಗಿ, ಇದರ ತೂಕ ಇಷ್ಟು ಎಂದು ಹೇಳುತ್ತಿದ್ದೇವೆ.

ನೋಡಲಾಗದ ವಸ್ತುವಿನ ವ್ಯಾಪಾರದಲ್ಲಿ ಎಲ್ಲವೂ ಹೇಳುವವನ ಪ್ರಾಮಾಣಿಕತೆಯ ಮೇಲೆ ನಿಂತಿರುತ್ತದೆ. ಆದುದರಿಂದ ಇದು ಎಂಜಿನಿಯರುಗಳಿಗೆ ಬಿಟ್ಟ ಗಣಿತ ಮಾತ್ರವಲ್ಲ, ನಮ್ಮೆಲ್ಲರ ಅಂತಃಸಾಕ್ಷಿಗೂ ಸೇರಿದ ಪ್ರಶ್ನೆ. ಮಾಡದೆ ಬಿಟ್ಟ ಕೆಡುಕಿನ ಲೆಕ್ಕವನ್ನು ಸತ್ಯವಾಗಿ ಹೇಳುವುದು ಹೇಗೆ?

ಲೆಕ್ಕ ನಡೆಯುವ ಬಗೆ

ಮೊದಲು ಲೆಕ್ಕವನ್ನೇ ನೋಡೋಣ. ಇದು ಕಷ್ಟವೇನಲ್ಲ, ಎಂಟನೆಯ ತರಗತಿಯ ಮಗು ಮಾಡಬಲ್ಲದು.

ಕಲ್ಲಿದ್ದಲಿನಲ್ಲಿರುವುದು ಮುಖ್ಯವಾಗಿ ಇಂಗಾಲ. ಅದು ಉರಿಯುವಾಗ ಗಾಳಿಯ ಆಮ್ಲಜನಕವನ್ನು ತನಗೆ ಸೇರಿಸಿಕೊಳ್ಳುತ್ತದೆ. ಹನ್ನೆರಡು ಪಾಲು ಇಂಗಾಲ ಉರಿದರೆ ನಲವತ್ತನಾಲ್ಕು ಪಾಲು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಉರಿಸಿದ್ದಕ್ಕಿಂತ ಹೊರಬಂದದ್ದೇ ಹೆಚ್ಚು ತೂಗುವುದಕ್ಕೆ ಕಾರಣ ಇದು. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತಯಾರಿಸಿದರೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಹೋಗುತ್ತದೆ. ನಮ್ಮ ದೇಶದ ತಂತಿಗಳಲ್ಲಿ ಹರಿಯುವ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನದೂ ಇದೆ. ನೀರು, ಗಾಳಿ, ಬಿಸಿಲು, ಅಣುಶಕ್ತಿಯದೂ ಇದೆ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ಯೂನಿಟ್‌ಗೆ ಸುಮಾರು 0.7 ಕಿಲೋ ಬರುತ್ತದೆ. ಈ ಅಂಕಿಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ವರ್ಷವರ್ಷವೂ ಲೆಕ್ಕಹಾಕಿ ಪ್ರಕಟಿಸುತ್ತದೆ.

ಒಂದು ಮನೆಯ ಮೇಲೆ ಮೂರು ಕಿಲೋವ್ಯಾಟಿನ ಸೌರಫಲಕ ಇದೆ ಎನ್ನೋಣ. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಹಾಗಾದರೆ ಮೂರಕ್ಕೆ ವರ್ಷದಲ್ಲಿ ಸುಮಾರು 4,400 ಯೂನಿಟ್. ಅದನ್ನು 0.7ರಿಂದ ಗುಣಿಸಿದರೆ ಸುಮಾರು ಮೂರು ಟನ್. ‘ಈ ಮನೆ ವರ್ಷಕ್ಕೆ ಮೂರು ಟನ್ ಉಳಿಸುತ್ತದೆ’ ಎಂದು ಹೇಳುವುದು ಹೀಗೆ.

ಈ ಗುಣಾಕಾರದಲ್ಲಿ ಎರಡೇ ಅಂಕಿಗಳಿವೆ. ಮೊದಲನೆಯದನ್ನು, ಅಂದರೆ ಯೂನಿಟ್ಟುಗಳನ್ನು, ಮೀಟರ್ ಹೇಳುತ್ತದೆ. ಎರಡನೆಯದು ಮಾತ್ರ ಮೀಟರಿನಲ್ಲಿ ಬರುವುದಿಲ್ಲ. ಈ ಫಲಕ ಇಲ್ಲದಿದ್ದರೆ ಆ ವಿದ್ಯುತ್ ಎಲ್ಲಿಂದ ಬರುತ್ತಿತ್ತು ಎಂಬ ಊಹೆ ಅದರಲ್ಲಿ ಅಡಗಿದೆ. ‘ಇಲ್ಲದಿದ್ದರೆ’ ಎಂಬ ಆ ಒಂದು ಪದದಲ್ಲಿ ಸತ್ಯಕ್ಕೂ ಜಾಗ ಇದೆ, ಸುಳ್ಳಿಗೂ ಜಾಗ ಇದೆ.

ತಕ್ಕಡಿ ಎಲ್ಲಿ ವಾಲುತ್ತದೆ?

ಸುಳ್ಳು ತಕ್ಕಡಿ ದೇವರಿಗೆ ಅಸಹ್ಯವೆಂದು ಜ್ಞಾನೋಕ್ತಿಗಳ ಗ್ರಂಥ ನಮಗೆ ಕಲಿಸುತ್ತದೆ. ಸಂತೆಯಲ್ಲಿ ತಕ್ಕಡಿ ವಾಲುವುದು ಎರಡು ಮೂರು ಕಡೆಗಳಲ್ಲಿ ಎಂದು ಅನುಭವಸ್ಥರು ಬಲ್ಲರು. ಇಲ್ಲಿಯೂ ಹಾಗೆಯೇ.

ಮೊದಲನೆಯದು, ಸಾಮರ್ಥ್ಯವನ್ನೇ ಉತ್ಪಾದನೆ ಎಂದು ತೋರಿಸುವುದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. ಬರಗಾಲದ ನಾಡಿಗೆ ಅದು ಹೆಮ್ಮೆಯ ಸಂಗತಿ. ಆದರೆ ಬಿಸಿಲು ಇಪ್ಪತ್ತನಾಲ್ಕು ಗಂಟೆ ಇರುವುದಿಲ್ಲ. 2,050 ಮೆಗಾವ್ಯಾಟ್ ಹಗಲಿರುಳು ನಡೆಯಿತೆಂದು ಗುಣಿಸಿದರೆ ವರ್ಷಕ್ಕೆ ಸುಮಾರು 1,800 ಕೋಟಿ ಯೂನಿಟ್ ಬರುತ್ತದೆ. ಇರುಳು, ಮೋಡ, ಮಳೆಗಾಲಗಳನ್ನು ಕಳೆದರೆ ಸೌರ ಸ್ಥಾವರ ಕೊಡುವುದು ಸುಮಾರು ಅದರ ಐದನೆಯ ಒಂದು ಪಾಲು, ಅಂದರೆ 360 ಕೋಟಿ ಯೂನಿಟ್. ಉಳಿತಾಯದಲ್ಲಿ ಹೇಳುವುದಾದರೆ ಒಂದು ಲೆಕ್ಕಕ್ಕೆ 1 ಕೋಟಿ 26 ಲಕ್ಷ ಟನ್, ಇನ್ನೊಂದಕ್ಕೆ 25 ಲಕ್ಷ ಟನ್. ದೇಶದ ಮಟ್ಟದಲ್ಲಿಯೂ ಇದೇ ಎಚ್ಚರಿಕೆ ಬೇಕು. ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲಗಳಲ್ಲದ ಮೂಲಗಳಿಂದ ಬರಬೇಕೆಂದು ಭಾರತ 2022ರಲ್ಲಿ ಕೊಟ್ಟ ಮಾತಿಗೆ 2030ರ ಗಡುವು ಇತ್ತು. ಆ ಗುರಿಯನ್ನು 2025ರಲ್ಲಿಯೇ ಮುಟ್ಟಿದ್ದೇವೆ. ಸಂತೋಷಪಡಬೇಕಾದ ಮಾತು. ಆದರೆ 2024-25ರಲ್ಲಿ ನಿಜವಾಗಿ ಉತ್ಪಾದನೆಯಾದ ವಿದ್ಯುತ್ತಿನಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಕಲ್ಲಿದ್ದಲಿನದೇ. ಎರಡೂ ಸತ್ಯ. ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿದರೆ ಮಾತ್ರ ಅದು ಅರ್ಧಸತ್ಯ.

ಎರಡನೆಯದು, ಹೋಲಿಕೆಯ ಗೆರೆಯನ್ನು ಬೇಕಾದಲ್ಲಿ ಎಳೆಯುವುದು. ಆಷಾಢ ಮಾಸದಲ್ಲಿ ಬಟ್ಟೆ ಅಂಗಡಿಗಳ ರಿಯಾಯಿತಿ ಎಲ್ಲರಿಗೂ ಗೊತ್ತು. ಐನೂರರ ಸೀರೆಗೆ ಸಾವಿರದ ಚೀಟಿ ಅಂಟಿಸಿ ಅರ್ಧ ಬೆಲೆ ಎಂದರೆ ಉಳಿದದ್ದು ಏನು? ಮುಂದೆ ಇಷ್ಟು ಹೊಗೆ ಬರುತ್ತಿತ್ತು ಎಂಬ ಅಂದಾಜನ್ನು ಎತ್ತರಕ್ಕೆ ಏರಿಸಿದಷ್ಟೂ ಉಳಿತಾಯ ದೊಡ್ಡದಾಗಿ ಕಾಣುತ್ತದೆ. 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ನಮ್ಮ ದೇಶ ಕೊಟ್ಟ ಮಾತುಗಳಲ್ಲಿ ಒಂದು, 2030ರೊಳಗೆ ‘ನಿರೀಕ್ಷಿತ’ ಹೊಗೆಯಿಂದ 100 ಕೋಟಿ ಟನ್ ಕಡಿಮೆ ಮಾಡುತ್ತೇವೆ ಎಂಬುದು. ಮಾತು ದೊಡ್ಡದು, ಉದ್ದೇಶ ಒಳ್ಳೆಯದು. ಆದರೆ ನಿರೀಕ್ಷೆ ಎಷ್ಟಿತ್ತು ಎಂದು ಮೊದಲೇ ಬರೆದಿಡದಿದ್ದರೆ ಅಂಥ ಮಾತು ಉಳಿಯಿತೋ ಅಳಿಯಿತೋ ಎಂದು ಯಾರೂ ನಿರ್ಣಯಿಸಲಾರರು. ಇದು ಒಂದು ದೇಶದ ದೋಷವಲ್ಲ. ಎಲ್ಲ ದೇಶಗಳ ವಾಗ್ದಾನಗಳನ್ನೂ ಇದೇ ಪ್ರಶ್ನೆಯಿಂದ ಪರೀಕ್ಷಿಸಬೇಕು.

ಮೂರನೆಯದು, ಒಂದೇ ಉಳಿತಾಯವನ್ನು ಇಬ್ಬರು ಹೇಳಿಕೊಳ್ಳುವುದು. ನಮ್ಮ ದೇಶದಲ್ಲಿ 2010ರಿಂದ ನವೀಕರಿಸಬಹುದಾದ ಇಂಧನದ ಪ್ರಮಾಣಪತ್ರಗಳಿವೆ. ಸಾವಿರ ಯೂನಿಟ್ಟಿಗೆ ಒಂದು ಪತ್ರ. ಆ ಪತ್ರವನ್ನು ಮಾರಬಹುದು, ಕೊಂಡವರು ತಮ್ಮ ಕರ್ತವ್ಯ ತೀರಿತೆಂದು ತೋರಿಸಬಹುದು. ತಪ್ಪಿಲ್ಲ. ಆದರೆ ಪತ್ರವನ್ನು ಮಾರಿದವನೂ ‘ಇದು ನನ್ನ ಹಸಿರು ವಿದ್ಯುತ್’ ಎಂದು ಬೋರ್ಡು ಹಾಕಿಕೊಂಡರೆ? ಇಬ್ಬರು ಕೊಟ್ಟ ಪ್ರತ್ಯೇಕ ಪೂಜಾ ಕಾಣಿಕೆಗಳನ್ನು ಪಡೆದು, ಒಂದೇ ಬಲಿಪೂಜೆ ಅರ್ಪಿಸಿ, ಇಬ್ಬರಿಗೂ ನಿಮ್ಮ ಕೋರಿಕೆಯ ಪೂಜೆ ಆಯಿತು ಎನ್ನಬಾರದೆಂದು ಧರ್ಮಸಭೆಯ ಕಾನೂನು ಸಾರುತ್ತದೆ. ಕಾಣಿಕೆ ಚಿಕ್ಕದಾದರೂ ಕೊಟ್ಟವನ ನಂಬಿಕೆ ದೊಡ್ಡದು ಎಂಬುದೇ ಅದರ ಅರ್ಥ. ಆ ನ್ಯಾಯ ಇಲ್ಲಿಗೂ ಸಲ್ಲುತ್ತದೆ.

ಎರಡು ವಾಗ್ದಾನಗಳ ಜಗಳ

ಈಗ ಇನ್ನೂ ಸೂಕ್ಷ್ಮವಾದ ಒಂದು ಮಾತಿಗೆ ಬರೋಣ. ಮನೆಗಳ ಛಾವಣಿಗೆ ಸೌರಫಲಕ ಹಾಕಿಸುವ ‘ಪಿಎಂ ಸೂರ್ಯ ಘರ್’ ಯೋಜನೆಯನ್ನು ಕೇಂದ್ರ ಸಂಪುಟ 2024ರ ಫೆಬ್ರವರಿಯಲ್ಲಿ ಒಪ್ಪಿತು. ಗುರಿ ಒಂದು ಕೋಟಿ ಮನೆಗಳು. 30,000 ಮೆಗಾವ್ಯಾಟ್ ಫಲಕಗಳಿಂದ 25 ವರ್ಷಗಳಲ್ಲಿ ಒಂದು ಲಕ್ಷ ಕೋಟಿ ಯೂನಿಟ್ ವಿದ್ಯುತ್, 72 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಉಳಿತಾಯ ಎಂದು ಸರ್ಕಾರ ಅಂದಾಜು ಹೇಳಿತು.

ಈ ಅಂದಾಜನ್ನು ಬಿಡಿಸಿ ನೋಡಿದರೆ ಯೂನಿಟ್ಟುಗಳ ಲೆಕ್ಕ ಸಂಯಮದ್ದೇ. ಕಿಲೋವ್ಯಾಟಿಗೆ ವರ್ಷಕ್ಕೆ ಸುಮಾರು 1,330 ಯೂನಿಟ್ ಎಂದು ಹಿಡಿದಿದ್ದಾರೆ, ಹಿಗ್ಗಿಸಿಲ್ಲ. ಆದರೆ 72 ಕೋಟಿ ಟನ್ ಬರಬೇಕಾದರೆ ಇಪ್ಪತ್ತೈದು ವರ್ಷವೂ ಯೂನಿಟ್‌ಗೆ ಸರಾಸರಿ 0.72 ಕಿಲೋ ಹೊಗೆ ಇರಬೇಕು. ಅಂದರೆ 2049ರಲ್ಲಿಯೂ ನಮ್ಮ ತಂತಿಗಳಲ್ಲಿ ಇಂದಿನಷ್ಟೇ ಕಲ್ಲಿದ್ದಲಿನ ವಿದ್ಯುತ್ ಹರಿಯುತ್ತಿರಬೇಕು. ಆದರೆ ಕಲ್ಲಿದ್ದಲಿನ ಪಾಲು ಇಳಿಸುತ್ತೇವೆ ಎಂಬುದೂ ನಮ್ಮದೇ ವಾಗ್ದಾನ. 2031-32ರ ಹೊತ್ತಿಗೆ ಯೂನಿಟ್‌ಗೆ ಸುಮಾರು 0.43 ಕಿಲೋಗೆ ಇಳಿಯಬಹುದು ಎಂದು 2023ರ ರಾಷ್ಟ್ರೀಯ ವಿದ್ಯುತ್ ಯೋಜನೆಯೇ ಅಂದಾಜು ಮಾಡಿದೆ. ಆ ಅಂಕಿಯನ್ನು ಇಪ್ಪತ್ತೈದು ವರ್ಷಕ್ಕೂ ಹಿಡಿದರೆ ಉಳಿತಾಯ 72 ಕೋಟಿಯಲ್ಲ, 43 ಕೋಟಿ ಟನ್.

ಇದಕ್ಕೆ ಪ್ರತಿವಾದವೂ ಇದೆ. ಸೌರ ವಿದ್ಯುತ್ ಬಂದಾಗ ಇಳಿಸುವುದು ಸರಾಸರಿ ವಿದ್ಯುತ್ತನ್ನಲ್ಲ, ಕಲ್ಲಿದ್ದಲಿನ ಸ್ಥಾವರವನ್ನೇ. ಆದುದರಿಂದ ಉಳಿತಾಯ ಸರಾಸರಿಗಿಂತ ಹೆಚ್ಚು ಎಂದು ಬಲ್ಲವರು ಹೇಳುತ್ತಾರೆ. ಇದರಲ್ಲಿ ನ್ಯಾಯವಿದೆ. ನಮ್ಮ ಕರ್ನಾಟಕವನ್ನೇ ನೋಡಿ. ಮಧ್ಯಾಹ್ನ ಸೌರ ವಿದ್ಯುತ್ ತುಂಬಿ ಬಂದರೆ ಕೆಲವೊಮ್ಮೆ ರಾಯಚೂರಿನ ಉಷ್ಣ ಸ್ಥಾವರದ ಉರಿ ತಗ್ಗಿಸುತ್ತಾರೆ, ಕೆಲವೊಮ್ಮೆ ಶರಾವತಿಯ ಯಂತ್ರಗಳನ್ನು ನಿಲ್ಲಿಸುತ್ತಾರೆ. ಶರಾವತಿ ನಿಂತರೆ ಆ ಗಳಿಗೆಯಲ್ಲಿ ಹೊಗೆ ಉಳಿಯಲಿಲ್ಲ ನಿಜ. ಆದರೆ ನೀರು ಲಿಂಗನಮಕ್ಕಿಯಲ್ಲಿ ಉಳಿಯಿತು. ರಾತ್ರಿ ಅದೇ ನೀರು ಕಲ್ಲಿದ್ದಲಿನ ಬದಲು ದೀಪ ಬೆಳಗಿಸಬಹುದು. ಹೀಗೆ ಉಳಿತಾಯ ಕೈಯಿಂದ ಕೈಗೆ ದಾಟುತ್ತದೆ. ಯಾವ ಗಂಟೆಯಲ್ಲಿ, ಯಾವ ಸ್ಥಾವರದ ಬದಲು ಎಂದು ಕೇಳದೆ ಹೇಳಿದ ಒಂದೇ ಅಂಕಿಯನ್ನು ಅಂದಾಜೆಂದು ಸ್ವೀಕರಿಸಬೇಕೇ ಹೊರತು ಶಾಸನವೆಂದಲ್ಲ.

ಆದರೆ ಇಲ್ಲಿರುವ ನೀತಿಯನ್ನು ಗಮನಿಸಿ. ಎಲ್ಲರೂ ಮಾತು ಉಳಿಸಿಕೊಂಡಷ್ಟೂ ಒಬ್ಬೊಬ್ಬರ ಉಳಿತಾಯ ಕಿರಿದಾಗುತ್ತದೆ. ಕಲ್ಲಿದ್ದಲೇ ಉರಿಯದ ದಿನ ನಮ್ಮ ಛಾವಣಿಯ ಫಲಕ ಒಂದು ಕಿಲೋ ಹೊಗೆಯನ್ನೂ ಉಳಿಸುವುದಿಲ್ಲ, ಏಕೆಂದರೆ ಉಳಿಸಲು ಹೊಗೆಯೇ ಇರುವುದಿಲ್ಲ. ಆ ದಿನ ನಮ್ಮ ಲೆಕ್ಕದ ಪುಸ್ತಕದಲ್ಲಿ ಸೊನ್ನೆ ಬರುತ್ತದೆ. ಅದಕ್ಕಾಗಿ ನಾವು ದುಃಖಪಡಬೇಕೆ? ತನ್ನ ಪುಣ್ಯದ ಅಂಕಿ ದೊಡ್ಡದಾಗಿರಲೆಂದು ಲೋಕದ ಕೆಡುಕು ಹಾಗೆಯೇ ಇರಲಿ ಎಂದು ಬಯಸುವವನು ಒಳಿತನ್ನು ಪ್ರೀತಿಸುತ್ತಿಲ್ಲ, ತನ್ನ ಹೆಸರನ್ನು ಪ್ರೀತಿಸುತ್ತಿದ್ದಾನೆ. ಇಂಗಾಲದ ಲೆಕ್ಕ ನಮ್ಮ ಮನಸ್ಸಿನ ಒಳಗನ್ನು ತೋರಿಸುವುದು ಇಲ್ಲಿಯೇ.

ಮಾತು ಕೊಟ್ಟ ಮಗ, ಕೆಲಸಕ್ಕೆ ಹೋದ ಮಗ

ಶುಭಸಂದೇಶದಲ್ಲಿ ಇಬ್ಬರು ಮಕ್ಕಳ ಸಾಮತಿ ನಮಗೆಲ್ಲ ಗೊತ್ತು. ತೋಟಕ್ಕೆ ಹೋಗು ಎಂದು ತಂದೆ ಹೇಳಿದಾಗ ಒಬ್ಬ ಹೋಗುವುದಿಲ್ಲ ಎಂದ, ಆಮೇಲೆ ಹೋದ. ಇನ್ನೊಬ್ಬ ಹೋಗುತ್ತೇನೆ ಎಂದ, ಹೋಗಲೇ ಇಲ್ಲ. ಎರಡನೆಯವನ ‘ಆಗಲಿ’ ಎಂಬ ಮಾತಿನ ಮೇಲೆಯೇ ತಂದೆ ಆ ದಿನದ ಕೆಲಸ ಮುಗಿಯಿತೆಂದು ಬರೆದುಕೊಂಡಿದ್ದರೆ ತೋಟದ ಗತಿ ಏನಾಗುತ್ತಿತ್ತು?

ನಮ್ಮ ಧರ್ಮಸಭೆಯ ಹೃದಯದಲ್ಲಿಯೇ ಇಂಥದೊಂದು ಘಟನೆ ನಡೆದಿದೆ. 2007ರಲ್ಲಿ ಒಂದು ಕಂಪನಿ ಹಂಗೇರಿ ದೇಶದಲ್ಲಿ ವ್ಯಾಟಿಕನ್ ಹೆಸರಿನಲ್ಲಿ ಅರಣ್ಯ ಬೆಳೆಸುವುದಾಗಿ ಮುಂದೆ ಬಂತು. ಆ ಮರಗಳು ಹೀರಿಕೊಳ್ಳುವ ಇಂಗಾಲದಿಂದ ವ್ಯಾಟಿಕನ್ನಿನ ಆ ವರ್ಷದ ಹೊಗೆಯೆಲ್ಲ ತೀರಿಹೋಗುತ್ತದೆ, ಜಗತ್ತಿನಲ್ಲೇ ಇಂಗಾಲದ ಋಣವಿಲ್ಲದ ಮೊದಲ ರಾಷ್ಟ್ರ ಅದಾಗುತ್ತದೆ ಎಂದು ಪತ್ರಿಕೆಗಳು ಬರೆದವು. ಪ್ರಮಾಣಪತ್ರವನ್ನು ಹಿರಿಯರು ಸದ್ಭಾವದಿಂದ ಸ್ವೀಕರಿಸಿದರು. 2010ರಲ್ಲಿ ಅಮೆರಿಕದ ಒಂದು ಪತ್ರಿಕೆ ವಿಚಾರಿಸಿ ನೋಡಿದಾಗ ಅಲ್ಲಿ ಮರಗಳನ್ನು ನೆಟ್ಟೇ ಇರಲಿಲ್ಲ. ಉಳಿತಾಯ ಕಾಗದದ ಮೇಲಿತ್ತು, ಹೊಗೆ ಆಕಾಶದಲ್ಲಿತ್ತು.

ಅದರ ಮರುವರ್ಷವೇ, 2008ರ ನವೆಂಬರಿನಲ್ಲಿ, ವ್ಯಾಟಿಕನ್ನಿನಲ್ಲಿ ಇನ್ನೊಂದು ಕೆಲಸ ಆಯಿತು. ಆರನೆಯ ಪೌಲರ ಹೆಸರಿನ ಸಭಾಂಗಣದ ಛಾವಣಿಯ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಸೌರಫಲಕಗಳು ಬಂದವು. ವರ್ಷಕ್ಕೆ ಸುಮಾರು ಮೂರು ಲಕ್ಷ ಯೂನಿಟ್ ನಿರೀಕ್ಷೆ. ಅರಣ್ಯದ ಮಾತಿನಷ್ಟು ದೊಡ್ಡದಲ್ಲ. ಇಡೀ ರಾಷ್ಟ್ರದ ಋಣ ತೀರಿತೆಂದು ಯಾರೂ ಹೇಳುವಂತಿರಲಿಲ್ಲ. ಆದರೆ ಅಲ್ಲಿ ಫಲಕವಿತ್ತು, ತಂತಿಯಿತ್ತು, ಮೀಟರ್ ಇತ್ತು. ಒಂದೇ ಮನೆಯ ಈ ಎರಡು ಕೆಲಸಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಬೋಧನೆ ಬೇಕಿಲ್ಲ. ಫ್ರಾನ್ಸಿಸ್ ಜಗದ್ಗುರುಗಳು 2015ರ ‘ಲೌದಾತೋ ಸಿ’ ಪತ್ರದಲ್ಲಿ ಇಂಗಾಲದ ಪತ್ರಗಳ ವ್ಯಾಪಾರ ಹೊಸ ಬಗೆಯ ಸಟ್ಟಾ ವ್ಯವಹಾರವಾಗಿ ಹೊಗೆ ಕಡಿಮೆಯಾಗದೆ ಹೋದೀತೆಂದು ಎಚ್ಚರಿಸಿದರು. 2024ರ ಜೂನಿನಲ್ಲಿ ಅವರೇ ರೋಮಿನ ಹೊರವಲಯದ ಸಾಂತಾ ಮರಿಯಾ ದಿ ಗಲೇರಿಯಾದಲ್ಲಿ ವ್ಯಾಟಿಕನ್ನಿಗೆ ಬೇಕಾದ ವಿದ್ಯುತ್ತನ್ನು ಬಿಸಿಲಿನಿಂದ ಪಡೆಯುವ ಕೆಲಸಕ್ಕೆ ಆಜ್ಞೆ ಮಾಡಿದರು. ಆ ಸ್ಥಾವರದ ಉಳಿತಾಯವನ್ನೂ ಅದರ ಮೀಟರ್ ತಿರುಗಿದ ಮೇಲೆ ಬರೆಯುವುದೇ ನ್ಯಾಯ.

ಒಳ್ಳೆಯ ಕೆಲಸಕ್ಕೆ ಸ್ವಲ್ಪ ಹೆಚ್ಚಿಸಿ ಹೇಳಿದರೆ ತಪ್ಪೇನು?

ಹೀಗೆ ಕೇಳುವವರಿದ್ದಾರೆ. ಜನರಿಗೆ ಉತ್ಸಾಹ ಬರಲಿ, ಹತ್ತನ್ನು ಹನ್ನೆರಡು ಎಂದರೆ ಯಾರಿಗೆ ನಷ್ಟ ಎಂದು ಅವರ ವಾದ.

ಅನನೀಯ ಮತ್ತು ಸಫೈರ ದಂಪತಿಗಳನ್ನು ನೆನೆಯಿರಿ. ಅವರು ಹೊಲ ಮಾರಿದ್ದು ಒಳ್ಳೆಯ ಕೆಲಸ. ಬಂದ ಹಣದಲ್ಲಿ ಒಂದು ಪಾಲು ಪ್ರೇಷಿತರ ಪಾದಕ್ಕೆ ತಂದದ್ದೂ ಒಳ್ಳೆಯ ಕೆಲಸ. ಎಲ್ಲವನ್ನೂ ಕೊಡಬೇಕೆಂದು ಅವರನ್ನು ಯಾರೂ ಒತ್ತಾಯಿಸಿರಲಿಲ್ಲ. ಪಾಲನ್ನು ಕೊಟ್ಟು ಪೂರ್ತಿ ಕೊಟ್ಟೆವೆಂದು ತೋರಿಸಿಕೊಂಡದ್ದೇ ಅವರಿಗೆ ಮುಳುವಾಯಿತು.

ಅಲ್ಲದೆ ಈ ಸುಳ್ಳಿನಿಂದ ನಿಜವಾದ ನಷ್ಟವೂ ಇದೆ. ಉಳಿತಾಯದ ಅಂಕಿ ಬರಿಯ ಅಲಂಕಾರವಲ್ಲ, ಬೇರೆ ಕಡೆ ಉರಿಸುವುದಕ್ಕೆ ಅನುಮತಿಯೂ ಆಗುತ್ತದೆ. ಇಲ್ಲಿ ಹತ್ತು ಟನ್ ಉಳಿಯಿತೆಂಬ ಪತ್ರವನ್ನು ಕೊಂಡವನು ಅಲ್ಲಿ ಹತ್ತು ಟನ್ ನಿಶ್ಚಿಂತೆಯಿಂದ ಉರಿಸುತ್ತಾನೆ. ಉಳಿತಾಯ ಸುಳ್ಳಾಗಿದ್ದರೂ ಉರಿ ಸುಳ್ಳಲ್ಲ. ಆ ಅನಿಲದ ಒಂದು ಪಾಲು ನೂರಾರು ವರ್ಷ ಗಾಳಿಯಲ್ಲಿ ಉಳಿಯುತ್ತದೆ. ಮಳೆ ತಪ್ಪಿದಾಗ, ಸಮುದ್ರ ಉಕ್ಕಿದಾಗ ಮೊದಲು ಬೀಳುವ ಪೆಟ್ಟು ರೈತನಿಗೆ, ಮೀನುಗಾರನಿಗೆ. ಅವರು ಯಾವ ಪತ್ರಕ್ಕೂ ಸಹಿ ಹಾಕಿದವರಲ್ಲ.

ಹಾಗಾದರೆ ಲೆಕ್ಕವೇ ಬೇಡವೆ? ಹಾಗೆಂದವರು ಸೋಮಾರಿಗಳಿಗೆ ನೆಪ ಕೊಟ್ಟಂತಾಗುತ್ತದೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭುವೇ ಹೇಳಿದ್ದಾರೆ. ಅಂದಾಜು ಮಾಡದೆ ಹತ್ತು ದಾರಿಗಳಲ್ಲಿ ಒಳ್ಳೆಯದನ್ನು ಆರಿಸಲಾಗದು. ಅಂದಾಜು ಪಾಪವಲ್ಲ, ಅಂದಾಜನ್ನು ಆದ ಕೆಲಸವೆಂದು ತೋರಿಸುವುದು ಪಾಪ. ಸಂದೇಹವಿದ್ದಲ್ಲಿ ತನ್ನ ಪಾಲಿಗೆ ಕಡಿಮೆ ಬರುವಂತೆ ಅಳೆಯುವುದು ಸಜ್ಜನರ ರೀತಿ. ಹಾಲು ಅಳೆಯುವ ಒಳ್ಳೆಯ ಗೃಹಿಣಿ ಕೊಡುವಾಗ ಒಂದು ಹನಿ ಹೆಚ್ಚೇ ಸುರಿಯುತ್ತಾಳೆ, ತನ್ನ ಲೆಕ್ಕದಲ್ಲಿ ಅದನ್ನು ಬರೆಯುವುದಿಲ್ಲ.

ನಮ್ಮ ಮನೆಗೆ, ನಮ್ಮ ಧರ್ಮಕೇಂದ್ರಕ್ಕೆ

ಈ ಮಾತುಗಳನ್ನು ನಮ್ಮ ಮಟ್ಟಕ್ಕೆ ತಂದುಕೊಳ್ಳೋಣ. ಫಲಕ ಹಾಕಿಸಿದ ಮನೆಯವರು ವರ್ಷಕ್ಕೊಮ್ಮೆ ಮಕ್ಕಳೊಡನೆ ಕುಳಿತು ಮೀಟರ್ ನೋಡಿ ಯೂನಿಟ್ ಬರೆದುಕೊಳ್ಳಲಿ. ಫಲಕವನ್ನು ತಯಾರಿಸುವಾಗಲೂ ಹೊಗೆ ಬಂದಿರುತ್ತದೆ. ಅದು ತೀರಲು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ಬೇಕು. ಮೊದಲ ವರ್ಷಗಳ ಉಳಿತಾಯವನ್ನು ಆ ಸಾಲಕ್ಕೆ ಜಮೆ ಮಾಡಲಿ. ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಲಿ. ‘ನಮ್ಮದೇ ವಿದ್ಯುತ್, ಬಿಟ್ಟಿ’ ಎಂದು ಫ್ಯಾನು, ಎಸಿಗಳನ್ನು ಖಾಲಿ ಕೋಣೆಯಲ್ಲಿ ಓಡಿಸುತ್ತಿದ್ದೇವೆಯೆ? 4,400 ಯೂನಿಟ್ ತಯಾರಿಸಿ, ಮೊದಲಿಗಿಂತ 1,500 ಯೂನಿಟ್ ಹೆಚ್ಚು ಖರ್ಚು ಮಾಡಿದರೆ ಉಳಿದದ್ದು 2,900 ಯೂನಿಟ್ಟಿನ ಹೊಗೆ ಮಾತ್ರ.

ಧರ್ಮಕೇಂದ್ರದ ಪಾಲನಾ ಸಮಿತಿಯವರು ದೇವಾಲಯಕ್ಕೆ ಫಲಕ ಹಾಕಿಸುವುದಾದರೆ ಸೂಚನಾ ಫಲಕದಲ್ಲಿ ‘ಇಷ್ಟು ಟನ್ ಉಳಿಸಲಿದ್ದೇವೆ’ ಎಂದು ಬರೆಯುವ ಬದಲು, ಕಳೆದ ವರ್ಷ ಮೀಟರ್ ತೋರಿಸಿದ ಯೂನಿಟ್ ಇಷ್ಟು ಎಂದು ಬರೆಯಲಿ. ಟನ್ನುಗಳನ್ನು ಹೇಳಲೇಬೇಕೆಂದರೆ ಯಾವ ಅಂಕಿಯಿಂದ ಗುಣಿಸಿದೆವು ಎಂಬುದನ್ನೂ ಪಕ್ಕದಲ್ಲಿ ಬರೆಯಲಿ. ಪತ್ರ ಮಾರಿದ್ದರೆ ಅದನ್ನೂ ಹೇಳಲಿ. ಟನ್ನಿನ ಲೆಕ್ಕದಲ್ಲಿ ಕಾಣದವರನ್ನೂ ಮರೆಯದಿರಲಿ. ಪಾವಗಡದಲ್ಲಿ ಜಮೀನಿದ್ದವರಿಗೆ ಎಕರೆಗೆ ಇಷ್ಟೆಂದು ವರ್ಷದ ಗುತ್ತಿಗೆ ಹಣ ಬರುತ್ತದೆ; ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಜಮೀನಿಲ್ಲದವರಿಗೆ ಆ ಹಣದಲ್ಲಿ ಪಾಲಿಲ್ಲ. ಒಳ್ಳೆಯ ಲೆಕ್ಕದ ಪುಸ್ತಕದಲ್ಲಿ ಜಮೆಯ ಪುಟವೂ ಇರುತ್ತದೆ, ಖರ್ಚಿನ ಪುಟವೂ ಇರುತ್ತದೆ.

ಪ್ರಿಯ ಓದುಗರೇ, ನಾವು ಮಾಡದೆ ಬಿಟ್ಟ ಪಾಪಗಳ ಪಟ್ಟಿ ಹಿಡಿದು ಯಾರೂ ಪಾಪನಿವೇದನೆಗೆ ಹೋಗುವುದಿಲ್ಲ. ಮಾಡಿದ್ದನ್ನು ಹೇಳುತ್ತೇವೆ, ಇನ್ನು ಮಾಡುವುದಿಲ್ಲವೆಂದು ನಿಶ್ಚಯಿಸುತ್ತೇವೆ, ಹೊರಗೆ ಬಂದು ಬದುಕಿ ತೋರಿಸುತ್ತೇವೆ. ಹೊಗೆಯ ವಿಷಯದಲ್ಲಿಯೂ ಈ ಕ್ರಮವೇ ಇರಲಿ. ಈ ವರ್ಷ ನಮ್ಮ ಮನೆಯಿಂದ, ನಮ್ಮ ಊರಿನಿಂದ, ನಮ್ಮ ದೇಶದಿಂದ ಎದ್ದ ಹೊಗೆ ಎಷ್ಟು, ಕಳೆದ ವರ್ಷಕ್ಕಿಂತ ಇಳಿಯಿತೋ ಏರಿತೋ ಎಂದು ಮೊದಲು ಕೇಳೋಣ. ಉಳಿಸಿದ್ದರ ಮಾತು ಆಮೇಲೆ ಬರಲಿ, ಮೆಲುದನಿಯಲ್ಲಿ ಬರಲಿ.